ಅಪ್‌ಡೇಟ್: ಮಗನ ಬೇಬ್ಲೇಡ್ ಮರಳಿ ಬಂತು, ನಿಯಮವೂ ಬದಲಾಯಿತು

ಹಾಸನದ ಶಾಲೆಯೊಂದರಲ್ಲಿ ಮೂರನೇ ತರಗತಿ ಓದುತ್ತಿರುವ ನನ್ನ ಮಗನ ಬೇಬ್ಲೇಡನ್ನು (ಲೋಹದ ಬಿಲ್ಲೆಯಿರುವ ಆಟಿಕೆ ಬುಗುರಿ) ಶಿಕ್ಷಕಿ ತೆಗೆದಿಟ್ಟುಕೊಂಡು, ವರ್ಷದ ಕೊನೆಗೆ ಕೊಡುತ್ತೇವೆಂದು ಹೇಳಿ, ಅವನನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿದ್ದರ ಬಗ್ಗೆ ಕಳೆದ ತಿಂಗಳು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ನಿಮ್ಮ ಸಲಹೆಯಂತೆ ಜಗಳಕ್ಕೆ ಹೋಗದೆ ಮುಖ್ಯೋಪಾಧ್ಯಾಯರನ್ನು ಭೇಟಿಯಾಗಿ, ಈ ನಿಯಮ ಲಿಖಿತವಾಗಿದೆಯೇ ಎಂದು ಕೇಳಿದೆ. ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ ಎಂದು ನೆನಪಿಸಿದಾಗ ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. ಬಳಿಕ ಮೇಜಿನ ಡ್ರಾಯರ್ ಎಳೆದು ತೋರಿಸಿದರು. ಹನ್ನೊಂದು ಬೇಬ್ಲೇಡ್‌ಗಳು, ರಬ್ಬರ್ ಬ್ಯಾಂಡ್ ಸುತ್ತಿದ ಪೋಕೆಮಾನ್ ಕಾರ್ಡುಗಳ ಕಟ್ಟು, 2017ರಲ್ಲಿ ಎಲ್ಲೆಡೆ ಹಬ್ಬಿದ್ದ ಫಿಜೆಟ್ ಸ್ಪಿನ್ನರ್ ಒಂದು ಅದರಲ್ಲಿದ್ದವು. ಆಟದ ನಡುವೆ ಹಾರಿದ ಲೋಹದ ಬಿಲ್ಲೆ ತಗುಲಿ ಒಬ್ಬ ಹುಡುಗಿಯ ಹುಬ್ಬಿನ ಮೇಲೆ ಗಾಯವಾಗಿತ್ತೆಂಬುದು, ಕಾರ್ಡು ಅದಲುಬದಲಿನಲ್ಲಿ ಮೋಸಹೋದ ಚಿಕ್ಕ ಮಕ್ಕಳು ದಿನವೂ ಅಳುತ್ತಿದ್ದರೆಂಬುದು ನನಗೆ ಗೊತ್ತಿರಲಿಲ್ಲ. ಶಿಕ್ಷಕಿಯ ಕಷ್ಟ ನನಗೆ ಅರ್ಥವಾದದ್ದು ಅಲ್ಲಿಯೇ. ಆದರೂ ಮಗುವನ್ನು ನಿಲ್ಲಿಸಿ ಅವಮಾನಿಸಿದ್ದು ತಪ್ಪೆಂದೇ ಹೇಳಿದೆ, ಅವರು ಒಪ್ಪಿದರು.

ಈಗ ಡೈರಿಯಲ್ಲಿ ಲಿಖಿತ ನಿಯಮ ಬಂದಿದೆ: ತರಗತಿಗೆ ಆಟಿಕೆ ತರುವಂತಿಲ್ಲ, ತಂದರೆ ಅಂದೇ ಸಂಜೆ ಪೋಷಕರಿಗೆ ಮರಳಿಸಲಾಗುತ್ತದೆ. ಶನಿವಾರದ ಕೊನೆಯ ಪಿರಿಯಡ್‌ನಲ್ಲಿ ಮಾತ್ರ ಮೈದಾನದಲ್ಲಿ ಆಡಬಹುದು. ಬೇಬ್ಲೇಡ್ 1999ರಲ್ಲಿ ಜಪಾನಿನಲ್ಲಿ ಬಂದಿದ್ದು, ಅಲ್ಲಿನ ಬೇಗೋಮಾ ಎಂಬ ಹಳೆಯ ಬುಗುರಿಯೇ ಅದಕ್ಕೆ ಮೂಲವೆಂದು ತಿಳಿದ ದೈಹಿಕ ಶಿಕ್ಷಕರು, ಮರದ ಬುಗುರಿಗೆ ಚಾಟಿ ಸುತ್ತುವುದನ್ನೂ ಕಲಿಸತೊಡಗಿದ್ದಾರೆ. ಮಗನಿಗೆ ಇನ್ನೂ ಚಾಟಿ ಬಿಗಿಯಾಗಿ ಸುತ್ತಲು ಬರುವುದಿಲ್ಲ. ದಿನವೂ ಸಂಜೆ ಜಗಲಿಯಲ್ಲಿ ಕುಳಿತು ಅಭ್ಯಾಸ ಮಾಡುತ್ತಿದ್ದಾನೆ.