ಗ್ಯಾಂಬಿಟ್‌ಗೆ ‘ಬಲಿ’ ಸರಿಯೇ?

ಎಲ್ಲರಿಗೂ ನಮಸ್ಕಾರ.

1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಮತ್ತು ಕೀಸೆರಿಟ್ಸ್ಕಿ ಆಡಿದ ಚದುರಂಗದಾಟವನ್ನು ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಅಮರ ಆಟ’ ಅಂತ ಹೆಸರಾದದ್ದು. ಎರಡನೇ ನಡೆಗೇ ಸಿಕ್ಕಿಹಾಕಿಕೊಂಡೆ: ‘ಗ್ಯಾಂಬಿಟ್’, ಅಂದರೆ ಲಾಭದ ಆಸೆಗೆ ಆಟದ ಶುರುವಿನಲ್ಲೇ ಬೇಕೆಂದೇ ಕಾಯಿ ಕೊಡುವುದು, ಇದಕ್ಕೆ ಕನ್ನಡದಲ್ಲಿ ಏನನ್ನಲಿ?

ಆ ನಡೆ ಕಿಂಗ್ಸ್ ಗ್ಯಾಂಬಿಟ್. ಬಿಳಿ ಕಾಯಿಯ ಆಂಡರ್ಸನ್ ರಾಜನ ಪಕ್ಕದ ಒಂಟೆಯ ಮುಂದಿರುವ ಕಾಲಾಳನ್ನು ಎರಡು ಮನೆ ನೂಕಿ ಎದುರಾಳಿಯ ಬಾಯಿಗೇ ಇಡುತ್ತಾನೆ. ಅದನ್ನು ಹೊಡೆದ ಕರಿ ಕಾಲಾಳು ನಡುಮನೆ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ಬಿಳಿಗೆ ನುಗ್ಗಲು ದಾರಿಯಾಗುತ್ತದೆ. ಮೊದಲು ‘ಬಲಿ’ ಅಂತ ಬರೆದೆ. ಆದರೆ ಮುಂದೆ ಇದೇ ಆಸಾಮಿ ಒಂದು ಒಂಟೆ, ಎರಡೂ ಆನೆ, ಕೊನೆಗೆ ಮಂತ್ರಿಯನ್ನೂ ಕೊಟ್ಟುಬಿಡುತ್ತಾನೆ! 23ನೇ ನಡೆಗೆ ಉಳಿದೊಂದು ಒಂಟೆಯಿಂದ ಚೆಕ್‌ಮೇಟ್. ಅಷ್ಟರಲ್ಲಿ ಕರಿ ಕಳೆದುಕೊಂಡದ್ದು ಬರೀ ಮೂರು ಕಾಲಾಳು. ಬಲಿ ಅನ್ನುವ ಮಾತು ಅಲ್ಲಿಗೆ ಬೇಕು. ಶುರುವಿನಲ್ಲೇ ಖರ್ಚು ಮಾಡಿದರೆ ಮಂತ್ರಿ ಬಿದ್ದಾಗ ಏನು ಹೇಳಲಿ? (ಕ್ವೀನ್ಸ್ ಗ್ಯಾಂಬಿಟ್ಟನ್ನು ‘ರಾಣಿಯ ಬಲಿ’ ಅನ್ನುವುದಂತೂ ತಪ್ಪೇ. ಅಲ್ಲೂ ಕೊಡುವುದು ಕಾಲಾಳು. ಮೇಲಾಗಿ ನಮ್ಮ ಮಣೆಯಲ್ಲಿ ರಾಣಿಯೆಲ್ಲಿ, ಇರುವುದು ಮಂತ್ರಿ.)

ಗ್ಯಾಂಬಿಟ್ ಅನ್ನುವ ಪದದ ಮೂಲ ನೋಡಿದೆ. ಇಟಾಲಿಯನ್ನಿನ ‘ಗಂಬೆತ್ತೊ’, ಅಂದರೆ ಕಾಲು ಅಡ್ಡ ಕೊಟ್ಟು ಬೀಳಿಸುವುದು. ‘ಗಂಬ’ ಅಂದರೆ ಕಾಲು. ಸ್ಪೇನಿನ ಪಾದ್ರಿ ರುಯ್ ಲೋಪೆಸ್ 1561ರ ತನ್ನ ಪುಸ್ತಕದಲ್ಲಿ ಇದನ್ನು ಚದುರಂಗಕ್ಕೆ ಬಳಸಿದ. ನಮ್ಮ ‘ಅಡ್ಡಗಾಲು’ ಅದೇ ಅಲ್ವಾ ಅಂತ ಖುಷಿಯಾಯಿತು. ಆದರೆ ಈಗ ಅಡ್ಡಗಾಲು ಅಂದರೆ ಕೆಲಸಕ್ಕೆ ತಡೆ ಹಾಕುವುದು. ಆಸೆ ತೋರಿಸಿ ಕೆಡವುವುದು ಅದರಲ್ಲಿ ಕೇಳಿಸುವುದಿಲ್ಲ.

ನನ್ನ ಸೋದರಮಾವ ಕಾಲಾಳು ಮುಂದಿಟ್ಟು ‘ತಿನ್ನು, ತಿನ್ನು’ ಅಂತ ಸುಮ್ನೆ ಬೀಡಿ ಹಚ್ಚುತ್ತಿದ್ದರು. ತಿಂದೆನೋ, ಕೆಟ್ಟೆ. ‘ಅವನಿಗೆ ಒಂದು ಕಾಲಾಳು ತಿನ್ನಿಸಿದೆ’ ಅಂತ ಆಮೇಲೆ ನಗುತ್ತಿದ್ದರು. ನನಗೆ ಈ ‘ತಿನ್ನಿಸು’ ಎಲ್ಲಕ್ಕಿಂತ ಹತ್ತಿರ ಅನ್ನಿಸುತ್ತದೆ. ಕ್ರಿಯಾಪದವಾಗಿ ಸೊಗಸು. ಹೆಸರು ಮಾಡಹೊರಟರೆ ಮಾತ್ರ ಕಷ್ಟ. ‘ರಾಜನ ತಿನಿಸು’ ಅಂದರೆ ಮಕ್ಕಳು ಮೈಸೂರು ಪಾಕ್ ಅಂದುಕೊಂಡಾರು.

ಹುಲಿ-ಕುರಿ ಆಟದಲ್ಲಿ ಹುಲಿಯನ್ನು ಕಟ್ಟಿಹಾಕಲು ಬೇಕೆಂದೇ ಒಂದು ಕುರಿ ಬಿಡುತ್ತೇವಲ್ಲ, ಅದಕ್ಕೆ ನಿಮ್ಮ ಕಡೆ ಏನಂತಾರೆ?