ಭೇದಿ ನಿಂತ ಮೇಲೂ ಜಿಂಕ್ (ಸತುವಿನ ಔಷಧಿ) ಕೊಡಬೇಕೇ? ಅನುಭವ ಇದ್ದವರು ತಿಳಿಸಿ

ಪುಟ್ಟಿಯ ಅಮ್ಮ: ಒಂದೂವರೆ ವರ್ಷದ ಮಗಳಿಗೆ ನೀರುಭೇದಿ ಆಗಿತ್ತು, ಈಗ ನಿಂತಿದೆ. ಓಆರ್‌ಎಸ್ (ಉಪ್ಪು-ಸಕ್ಕರೆ ದ್ರಾವಣ) ಇನ್ನು ಸಾಕು, ಆದರೆ ಜಿಂಕ್ ಮಾತ್ರ 14 ದಿನ ಮುಗಿಸಿ ಎಂದು ವೈದ್ಯರು ಹೇಳಿದ್ದಾರೆ. ಕೊಟ್ಟ ಕೂಡಲೇ ವಾಂತಿ ಮಾಡುತ್ತಾಳೆ. ನಿಲ್ಲಿಸಲೇ?

ಅವಳಿಗಳ ತಾಯಿ: ಖಂಡಿತ ನಿಲ್ಲಿಸಬೇಡಿ. ನನ್ನ ಅವಳಿಗಳಿಗೆ ಒಟ್ಟಿಗೇ ಭೇದಿ ಹಿಡಿದಾಗ ಒಬ್ಬ ನುಂಗುತ್ತಿದ್ದ, ಇನ್ನೊಬ್ಬ ನನ್ನ ಮುಖಕ್ಕೇ ಉಗುಳುತ್ತಿದ್ದ. ಅರ್ಧ ಬಾಟಲಿ ಬಟ್ಟೆಗೇ ಹೋಯಿತು. ಹಾಸಿಗೆ ಎಸೆದೆವು, ರಜೆ ಮುಗಿದು ಸಂಬಳ ಕಡಿತವಾಯಿತು, ಬಟ್ಟೆ ತೊಳೆಯುವ ಯಂತ್ರವೂ ಆಗಲೇ ಕೆಟ್ಟು ಕುಳಿತಿತು. ಕೊನೆಗೆ ಸಿರಪ್ ಬಿಟ್ಟು ಕರಗುವ ಮಾತ್ರೆ ತರಿಸಿ, ಎದೆಹಾಲು ಹಿಂಡಿ ಚಮಚದಲ್ಲಿ ಕರಗಿಸಿ ಕುಡಿಸಿದೆ. ಬಿಡದೆ ಮುಗಿಸಿದ್ದೇನೆ, ಆ ಹೆಮ್ಮೆ ನನಗಿದೆ.

ಲೆಕ್ಕದ ಅಪ್ಪ: ಹೆಮ್ಮೆ ಪಡಲು ಏನಿದೆ? ಭೇದಿಯ ನಡುವೆಯೇ ನನ್ನ ಮಗನ ರಕ್ತ ತೆಗೆದು ಜಿಂಕ್ ಕಡಿಮೆ ಎಂದು ಹೆದರಿಸಿದರು. ಮಲಪರೀಕ್ಷೆ, ಮತ್ತೊಮ್ಮೆ ರಕ್ತ, ಪ್ರೊಬಯಾಟಿಕ್ ಪುಡಿ, ಲ್ಯಾಕ್ಟೋಸ್ ಇಲ್ಲದ ಹಾಲಿನ ಪುಡಿಯ ಡಬ್ಬ (ಬಾಯಿಗಿಟ್ಟು ದೂಡಿದ, ಉಳಿದದ್ದೆಲ್ಲ ಅಟ್ಟದ ಮೇಲಿದೆ). ಆಸ್ಪತ್ರೆಗೆ ಸೇರಿಸಿಲ್ಲವೆಂದು ವಿಮೆಯವರು ಒಂದು ಬಿಲ್ಲನ್ನೂ ಒಪ್ಪಲಿಲ್ಲ. ಸೋಂಕಿದ್ದಾಗ ರಕ್ತದ ಜಿಂಕ್ ಹೇಗೂ ಇಳಿಯುತ್ತದೆ, ಆ ಅಂಕಿಯನ್ನು ನಂಬುವಂತಿಲ್ಲ ಎಂದು ಆಮೇಲೆ ಬೇರೆ ವೈದ್ಯರು ಹೇಳಿದರು. ಗುಣವಾದ ಮೇಲೆ ನೋಡಿದರೆ ಸರಿಯಾಗಿಯೇ ಇತ್ತು!

ನಿವೃತ್ತ ದಾದಿ: ಪರೀಕ್ಷೆಯ ಮೇಲಿನ ಸಿಟ್ಟನ್ನು ಔಷಧಿಯ ಮೇಲೆ ತೀರಿಸಿಕೊಳ್ಳಬೇಡಿ ಸರ್. ಜಿಂಕ್ ಕೊಡಲು ಪರೀಕ್ಷೆಯೇ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಹೇಳಿವೆ: ಆರು ತಿಂಗಳೊಳಗಿನವರಿಗೆ ದಿನಕ್ಕೆ 10 ಮಿಲಿಗ್ರಾಂ, ದಾಟಿದವರಿಗೆ 20, ಹತ್ತರಿಂದ ಹದಿನಾಲ್ಕು ದಿನ. ಮಲದ ಜೊತೆ ಹೋದ ಜಿಂಕ್ ಮತ್ತೆ ತುಂಬಬೇಕು; ಮುಂದಿನ ಎರಡು ಮೂರು ತಿಂಗಳು ಭೇದಿ ಮರುಕಳಿಸುವುದು ಕಡಿಮೆಯಾಗಲಿ ಎಂಬುದೂ ಉದ್ದೇಶ. ವಾರ್ಡಿನಲ್ಲಿ ನಾನು ಕಂಡಷ್ಟು ಒಣಗಿದ ತುಟಿಗಳನ್ನು ನೀವು ಕಂಡಿಲ್ಲ.

ಲೆಕ್ಕದ ಅಪ್ಪ: ವಾರ್ಡಿನ ಕಥೆ ಬಿಡಿ ಮೇಡಂ. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 5 ಅಥವಾ 10 ಮಿಲಿಗ್ರಾಂ ಜಿಂಕ್ ಪಡೆದ ಮಕ್ಕಳಲ್ಲಿ ವಾಂತಿ ಕಡಿಮೆ, ಫಲ 20ಕ್ಕಿಂತ ಕೀಳಾಗಿಲ್ಲ. ಅದನ್ನೇಕೆ ನುಂಗಿದಿರಿ?

ನಿವೃತ್ತ ದಾದಿ: ನುಂಗಿಲ್ಲ. ಪ್ರಮಾಣ ಇಳಿಸುವುದು ಮಗುವನ್ನು ನೋಡಿದ ವೈದ್ಯರ ಕೆಲಸ, ನಿಮ್ಮದೂ ಅಲ್ಲ, ನನ್ನದೂ ಅಲ್ಲ.

ಪುಟ್ಟಿಯ ಅಮ್ಮ: ವಾಂತಿಗೆ ಏನು ಮಾಡಲಿ ಎಂದು ಕೇಳಿದ್ದೆ...

ಕಬ್ಬಿಣದ ಕಾಟ: ನಮ್ಮನೆಯಲ್ಲಿ ಜಿಂಕ್ ಅಲ್ಲ, ಕಬ್ಬಿಣಾಂಶದ್ದೇ ಗೋಳು. ಮಗನಿಗೆ ರಕ್ತಹೀನತೆ, ಹನಿ ಔಷಧಿ ಶುರುವಾದ ಮೇಲೆ ಮಲ ಕಪ್ಪು. ರಕ್ತವೆಂದು ಹೆದರಿ ರಾತ್ರಿ ಟ್ಯಾಕ್ಸಿ ಹಿಡಿದು ಓಡಿದರೆ, ಔಷಧಿಯ ಬಣ್ಣವೆಂದು ವಾಪಸು ಕಳಿಸಿದರು. ತುರ್ತು ವಿಭಾಗದ ಶುಲ್ಕ, ಎರಡು ಕಡೆಯ ಟ್ಯಾಕ್ಸಿ ದುಡ್ಡು ಎಲ್ಲ ನೀರುಪಾಲು. ಹಲ್ಲಿಗೂ ಕಲೆ ಹತ್ತಿತು, ಅದನ್ನು ತೆಗೆಸಲು ದಂತವೈದ್ಯರ ಬಿಲ್ಲು ಬೇರೆ. ಜಿಂಕ್, ಕಬ್ಬಿಣ ಎರಡನ್ನೂ ಒಟ್ಟಿಗೆ ಕೊಟ್ಟರೆ ಹೀರಿಕೆಯಲ್ಲಿ ಒಂದಕ್ಕೊಂದು ಅಡ್ಡಿಯಂತೆ, ಆ ಗಡಿಯಾರ ನೋಡುವ ಕೆಲಸವೂ ನನ್ನದೇ.

ಅವಳಿಗಳ ತಾಯಿ: ಹನಿಯನ್ನು ನಾಲಿಗೆಯ ಹಿಂದಕ್ಕೆ ಬಿಟ್ಟಿದ್ದರೆ ಹಲ್ಲಿಗೆ ಕಲೆ ಏಕೆ ಹತ್ತುತ್ತಿತ್ತು?

ಕಬ್ಬಿಣದ ಕಾಟ: ಅರ್ಧ ಬಾಟಲಿಯನ್ನು ಬಟ್ಟೆಗೆ ಕುಡಿಸಿದವರು ನನಗೆ ಹನಿ ಹಾಕುವುದನ್ನು ಕಲಿಸುವುದು ಬೇಡ.