ಹೊಂಡದ ಮೀನಿಗೆ ಮನುಷ್ಯರ ಲ್ಯಾಬಿನ ರಿಪೋರ್ಟ್ ನಂಬಬಹುದೇನ್ರಿ?

ಸಿಂಧನೂರು ರೈತ:
ನಮಸ್ಕಾರ್ರೀ. ಎಡದಂಡೆ ಕಾಲುವೆ ಕೆಳಗ ನಮ್ದು ಒಂದೂವರೆ ಎಕರೆ ಹೊಂಡ ಐತಿ. ಕಾಟ್ಲಾ, ರೋಹು ಮರಿ ಬಿಟ್ಟು ಏಳು ತಿಂಗಳಾತು. ಹತ್ತು ದಿನದಿಂದ ಹೊಟ್ಟಿ ಕೆಳಗ, ರೆಕ್ಕಿ ಬುಡದಾಗ ಕೆಂಪು ಕಲಿ. ಕೆಲವಕ್ಕ ಹೊಟ್ಟಿ ಉಬ್ಬಿ ಹುರುಪಿ ಎದ್ದು ನಿಂತಾವ. ದಿನಾ ಹತ್ತು-ಹನ್ನೆರಡು ತೇಲಾಕ ಹತ್ಯಾವ. ಅಂಗಡಿಯಾಗ ಕೊಟ್ಟ ಆಕ್ಸಿಟೆಟ್ರಾಸೈಕ್ಲಿನ್ ಪುಡಿ ಹಿಂಡಿ-ತೌಡಿನಾಗ ಕಲಸಿ ಐದು ದಿನ ಹಾಕಿದೆ. ಗುಣ ಇಲ್ಲ. ಸತ್ತ ಮೀನೊಂದನ್ನ ಚೀಲದಾಗ ಹಾಕ್ಕೊಂಡು ಊರಾಗಿನ ರಕ್ತ ಪರೀಕ್ಷೆ ಲ್ಯಾಬಿಗೆ ಕೊಟ್ಟೆ. ಏರೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಐತಿ ಅಂತ ಬಂತು. ಆಂಪಿಸಿಲಿನ್ ಮುಂದ 'ಆರ್', ಟೆಟ್ರಾಸೈಕ್ಲಿನ್ ಮುಂದ 'ಎಸ್', ಸಿಪ್ರೊಫ್ಲಾಕ್ಸಾಸಿನ್ ಮುಂದನೂ 'ಎಸ್'. ಆರ್ ಅಂದ್ರ ಆ ಔಷಧಕ್ಕ ಬಗ್ಗಂಗಿಲ್ಲ, ಎಸ್ ಅಂದ್ರ ಕೆಲಸ ಮಾಡ್ತೈತಿ ಅಂದ್ರು. ಹಂಗಾದ್ರ ನನ್ನ ಹೊಂಡದಾಗ ಯಾಕ ಮಾಡ್ಲಿಲ್ಲ? ಸಿಪ್ರೊ ತಂದು ಹಾಕ್ಲೇನು?

ಭದ್ರಾ ನಾಲೆ:
ಸಿಪ್ರೊ ಬೇಡ ಅಣ್ಣ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡ್ತಿವೆಯಾ ನೋಡಿ, ನೀರಲ್ಲಿ ಆಕ್ಸಿಜನ್ ಕಮ್ಮಿ ಆದ್ರೆ ಹಾಗೆ ಮಾಡ್ತವೆ. ನನ್ನ ಹೊಂಡದಲ್ಲೂ ಇದೇ ಕೆಂಪು ಕಲೆ ಬಂದಿತ್ತು. ಸಗಣಿ ಗೊಬ್ಬರ ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ ಹೊಸ ನೀರು ಬಿಟ್ಟ ಮೇಲೆ ಸಾವು ಇಳೀತು.

ಪ್ಲೇಟು-ಬಿಲ್ಲೆ:
ಹನ್ನೊಂದು ವರ್ಷದಿಂದ ಮೀನಿನ ರೋಗಾಣುಗಳ ಮೇಲೆ ಇದೇ ಪರೀಕ್ಷೆ ಮಾಡುತ್ತಿದ್ದೇನೆ: ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಹರಡಿ, ಮೇಲೆ ಔಷಧಿಯ ಬಿಲ್ಲೆ ಇಟ್ಟು, ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ ಎಷ್ಟು ಅಗಲ ಅಂತ ಅಳೆಯುವುದು. ನಿಮ್ಮ ರಿಪೋರ್ಟ್ ಓದಿ ಸಂಕಟವಾಯಿತು ಅಣ್ಣ, ನೀವು ದುಡ್ಡು ಕೊಟ್ಟು ಶ್ರದ್ಧೆಯಿಂದ ಮಾಡಿಸಿದ್ದೀರಿ.

ಮೊದಲನೆಯದು, ಸತ್ತ ಮೀನು. ಏರೋಮೊನಾಸ್ ಹೆಚ್ಚುಕಡಿಮೆ ಎಲ್ಲ ಹೊಂಡದ ನೀರಲ್ಲೂ ಇರುತ್ತದೆ. ಮೀನು ಸತ್ತ ಕೆಲವೇ ಗಂಟೆಯಲ್ಲಿ ಒಳಗೆ ನುಗ್ಗುತ್ತದೆ. ಅದೇ ಕೊಂದಿತು ಅಂತ ಹೇಳಲು ಸಾಯುವ ಹಂತದ, ಇನ್ನೂ ಉಸಿರಾಡುತ್ತಿರುವ ಮೀನು ಬೇಕು. ಬೆನ್ನುಮೂಳೆಯ ಕೆಳಗಿನ ಕಪ್ಪುಗೆಂಪು ಪಟ್ಟಿಯೇ ಮೂತ್ರಪಿಂಡ. ನಾವು ಮಾದರಿ ತೆಗೆಯುವುದು ಅಲ್ಲಿಂದ.

ಎರಡನೆಯದು ಶಾಖ. ಮನುಷ್ಯರ ಲ್ಯಾಬಿನಲ್ಲಿ ಪ್ಲೇಟುಗಳನ್ನು 35-37 ಡಿಗ್ರಿಯಲ್ಲಿ ಇಡುತ್ತಾರೆ. ಲ್ಯಾಬ್ ಪರೀಕ್ಷೆಗಳ ಮಾನದಂಡ ರೂಪಿಸುವ ಸಿಎಲ್‌ಎಸ್‌ಐ ಸಂಸ್ಥೆ ಜಲಚರಗಳಿಗೆಂದೇ ಕೊಟ್ಟ ವಿಧಾನದಲ್ಲಿ, ಮುಲ್ಲರ್ ಹಿಂಟನ್ ಅಗಾರ್ ಅನ್ನುವ ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮದ ಮೇಲೆ, ಇಂಥ ಏರೋಮೊನಾಸ್‌ಗೆ 28 ಡಿಗ್ರಿ, 24ರಿಂದ 28 ಗಂಟೆ. ಜೊತೆಗೆ ಪರೀಕ್ಷೆ ಸರಿಯಾಗಿದೆಯೇ ಅಂತ ತಿಳಿಯಲು ಇ. ಕೋಲೈ ಎಟಿಸಿಸಿ 25922 ತರಹದ, ವೃತ್ತದ ಅಳತೆ ಮೊದಲೇ ಗೊತ್ತಿರುವ ಬ್ಯಾಕ್ಟೀರಿಯಾ ತಳಿಯನ್ನೂ ಹಾಕಬೇಕು. ಅದರ ವೃತ್ತ ಹೇಳಿದ ಅಳತೆಯೊಳಗೆ ಬರದಿದ್ದರೆ ಆ ದಿನದ ಪ್ಲೇಟುಗಳೆಲ್ಲ ವ್ಯರ್ಥ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ಒಂದು ತಳಿಯನ್ನು 35ರಲ್ಲೂ 28ರಲ್ಲೂ ಇಟ್ಟು ನೋಡಿದ್ದೆ. ಅದೇ ಬ್ಯಾಕ್ಟೀರಿಯಾ, ಅದೇ ಬಿಲ್ಲೆ, ವೃತ್ತ ಮಾತ್ರ ಬೇರೆ. ಅಂದಿನಿಂದ ಇನ್‌ಕ್ಯುಬೇಟರಿನ ಥರ್ಮಾಮೀಟರ್ ನೋಡದೆ ಬಾಗಿಲು ಹಾಕುವುದಿಲ್ಲ.

ಇನ್ನು ಆ 'ಎಸ್'. ಮನುಷ್ಯರ ಪಟ್ಟಿಯಲ್ಲಿ ಎಸ್-ಆರ್ ಗೆರೆ ಎಳೆಯುವಾಗ ಮನುಷ್ಯರ ಮೈಯಲ್ಲಿ ಔಷಧಿ ಎಷ್ಟು ಸೇರುತ್ತದೆ ಅನ್ನುವ ಲೆಕ್ಕವೂ ಇರುತ್ತದೆ. ಮೀನಿನ ಕರುಳು ಆಕ್ಸಿಟೆಟ್ರಾಸೈಕ್ಲಿನ್ ಅನ್ನು ಸರಿಯಾಗಿ ಹೀರುವುದಿಲ್ಲ, ಕ್ಯಾಲ್ಸಿಯಂ-ಮೆಗ್ನೀಸಿಯಂ ಅದನ್ನು ಹಿಡಿದುಕೊಳ್ಳುತ್ತವೆ. ಎಲ್ಲಕ್ಕಿಂತ ಮುಖ್ಯ, ಕಾಯಿಲೆಯ ಮೀನು ಹಿಂಡಿ ತಿನ್ನುವುದೇ ಇಲ್ಲ. ನಿಮ್ಮ ಪುಡಿ ಹೋದದ್ದು ಗಟ್ಟಿಮುಟ್ಟಾದ ಮೀನಿನ ಹೊಟ್ಟೆಗೆ. ಮೀನಿನ ಹೆಚ್ಚಿನ ರೋಗಾಣುಗಳಿಗೆ 'ಇದು ವಾಸಿ ಮಾಡುತ್ತದೆ' ಅನ್ನುವ ಗೆರೆಯೇ ಇನ್ನೂ ಇಲ್ಲ. ಈ ತಳಿ ಮಾಮೂಲಿಯದೋ, ನಿರೋಧ ಗಳಿಸಿದ್ದೋ ಅಷ್ಟನ್ನು ಹೇಳಬಹುದು. ಆಂಪಿಸಿಲಿನ್‌ಗೆ ಏರೋಮೊನಾಸ್ ಸಾಮಾನ್ಯವಾಗಿ ಹುಟ್ಟಿನಿಂದಲೇ ಬಗ್ಗುವುದಿಲ್ಲ, ಆ 'ಆರ್' ಹೊಸ ಸುದ್ದಿಯಲ್ಲ.

ಸಿಪ್ರೊ ಮಾತ್ರ ಬೇಡವೇ ಬೇಡ. ಆ ಗುಂಪಿನ ಔಷಧಿಗಳು ಕರಾವಳಿ ಜಲಕೃಷಿ ಪ್ರಾಧಿಕಾರದ ನಿಷೇಧಿತ ಪಟ್ಟಿಯಲ್ಲಿವೆ. ಮನುಷ್ಯರಿಗೆ ಬೇಕಾದ ಔಷಧಿ ಅದು. ಹೊಂಡದಲ್ಲಿ ಅದಕ್ಕೆ ಬಗ್ಗದಂತೆ ಪಳಗಿದ ಬ್ಯಾಕ್ಟೀರಿಯಾ ಕಾಲುವೆಗೂ ಇಳಿಯುತ್ತದೆ.

ಸಿಂಧನೂರು ರೈತ:
ಭದ್ರಾ ನಾಲೆಯವರು ಹೇಳಿದ್ದು ಖರೇನ ಐತ್ರಿ, ಮುಂಜಾನಿ ಬಾಯಿ ಬಿಡ್ತಾವ. ಗೊಬ್ಬರ ಇವತ್ತೇ ನಿಲ್ಲಿಸ್ತೀನಿ. ಅಕ್ಕಾರ, ಮೀನು ಜೀವಂತ ಲ್ಯಾಬಿಗೆ ತಲುಪಿಸೋದು ಹೆಂಗ? ಮಂಗಳೂರು ಮೀನುಗಾರಿಕೆ ಕಾಲೇಜು ಭಾಳ ದೂರ ಆಗ್ತೈತಿ.

ಪ್ಲೇಟು-ಬಿಲ್ಲೆ:
ಮರಿ ಸಾಗಿಸುವ ಆಕ್ಸಿಜನ್ ಚೀಲದಲ್ಲಿ ಮೂರು-ನಾಲ್ಕು ಮೀನು ಹಾಕಿ ಕಟ್ಟಿ. ಆಗದಿದ್ದರೆ ಆಗ ತಾನೇ ಹಿಡಿದದ್ದನ್ನು ಒಂದೊಂದಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಐಸ್ ಮೇಲಿಟ್ಟು ಅದೇ ದಿನ ಮುಟ್ಟಿಸಿ, ಫ್ರೀಜರಿಗೆ ಹಾಕಬೇಡಿ. ಹೊರಡುವ ಮೊದಲು ನಿಮ್ಮ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಹತ್ತಿರದ ಲ್ಯಾಬ್ ಕೇಳಿ. ಪುಡಿ ಹಾಕಿದ ತಾರೀಖು ಬರೆದು ಚೀಲಕ್ಕೆ ಅಂಟಿಸಿ. ಔಷಧಿ ತಿಂದ ಮೀನಿನಿಂದ ಕೆಲವೊಮ್ಮೆ ಏನೂ ಬೆಳೆಯುವುದಿಲ್ಲ. ಸದ್ಯಕ್ಕೆ ಆ ಹೊಂಡದ ಮೀನು ಮಾರಬೇಡಿ.